ನಗಲೊಲ್ಲದ ಧಣಿಗಳ ಎಡಗೆನ್ನೆ

ಕಿವಿಯ ಕೆಳಗೆ, ದವಡೆಯ ಮೂಲೆಯ ಮೇಲೆ ನೆಲ್ಲಿಕಾಯಿ ಗಾತ್ರದ ಗಡ್ಡೆ. ಮುಟ್ಟಿದರೆ ಗಟ್ಟಿ, ನೋವಿಲ್ಲ, ಬೆರಳಿನ ಕೆಳಗೆ ಸ್ವಲ್ಪ ಜಾರುತ್ತದೆ. ನಾನು ಅದರ ಮೇಲೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು, ಇದು ಎಷ್ಟು ಸಮಯದಿಂದ ಇದೆ ಎಂದು ಕೇಳಿದೆ. ಮಲಗಿದ್ದವರು ನಮ್ಮ ಕೋಣೆಯ ಸೀಲಿಂಗನ್ನು, ಅದನ್ನು ಕಟ್ಟಿದ ಕಂಟ್ರಾಕ್ಟರನ ಮೇಲೆ ಕೇಸು ಹಾಕಲು ಹೊರಟವರಂತೆ ನೋಡುತ್ತಿದ್ದರು. ಉತ್ತರ ಬಂದದ್ದು ಕಾಲ ಬುಡದಲ್ಲಿ ನಿಂತಿದ್ದ ಅವರ ಹೆಂಡತಿಯಿಂದ.

“ಇವರು ಹೇಳುವುದಿಲ್ಲ ಡಾಕ್ಟ್ರೆ. ಒಂದು ವರ್ಷ ಆಗಿರ್ಬಹುದು. ಮೊನ್ನೆ ಕೂದಲಿಗೆ ಬಣ್ಣ ಹಾಕುವಾಗ ನಾನೇ ಕಂಡದ್ದು.”

ಬಣ್ಣದ ಗುಟ್ಟು ಹೊರಬಿದ್ದಾಗ ಅವರ ಕಣ್ಣು ಮಾತ್ರ ಸೀಲಿಂಗಿನಿಂದ ಹೆಂಡತಿಯ ಕಡೆಗೆ ಹೊರಳಿತು. ಮುಖ ಅಲುಗಲಿಲ್ಲ. ಮುಂಬಯಿಯಲ್ಲಿ ಆಯುಷ್ಯವಿಡೀ ಹೋಟೆಲು ನಡೆಸಿ, ಅದನ್ನು ತಮ್ಮಂದಿರಿಗೆ ಒಪ್ಪಿಸಿ, ಈಗ ದೇರೆಬೈಲಿನಲ್ಲಿ ಮನೆ ಕಟ್ಟಿಸಿ ಕೂತವರು. ಊರಿನವರೆಲ್ಲ ಧಣಿಗಳು ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ. ಅಂಥ ಮುಖವನ್ನು ಬೇರೆ ಏನೆಂದು ಕರೆಯುವುದೂ ಕಷ್ಟವಿತ್ತು.

ಕಿವಿಯ ಮುಂದೆ ನಮಗೆಲ್ಲ ಒಂದು ದೊಡ್ಡ ಜೊಲ್ಲುಗ್ರಂಥಿ ಇದೆ. ಅದರೊಳಗೆ ಗಡ್ಡೆ ಬೆಳೆಯುವುದುಂಟು, ಹೆಚ್ಚಿನವು ನಿರುಪದ್ರವಿ. ತೊಂದರೆ ಗಡ್ಡೆಯದಲ್ಲ, ಗ್ರಂಥಿಯ ನಟ್ಟನಡುವೆ ಹಾದುಹೋಗುವ ಮುಖದ ನರದ್ದು. ಕಿವಿಯ ಹಿಂದೆ ತಲೆಬುರುಡೆಯಿಂದ ಹೊರಬಂದು, ಗ್ರಂಥಿಯೊಳಗೆ ಹೊಕ್ಕು, ಕವಲೊಡೆದು ಹಣೆ, ಕಣ್ಣು, ಕೆನ್ನೆ, ತುಟಿಗಳಿಗೆ ಹಂಚಿಹೋಗುತ್ತದೆ. ಅದು ತುಂಡಾದರೆ ಆ ಬದಿಯ ಕಣ್ಣು ಮುಚ್ಚುವುದಿಲ್ಲ, ಬಾಯಿ ಜೋತುಬೀಳುತ್ತದೆ, ಕುಡಿದ ನೀರು ಅಂಗಿಯ ಮೇಲೆ ಇಳಿಯುತ್ತದೆ. ಗಡ್ಡೆ ನರಕ್ಕಿಂತ ಹೊರಗಡೆ ಇದ್ದರೆ ಸರ್ಜನ್‌ಗೆ ಸುಲಭ, ನರದ ಕೆಳಗೆ ಆಳದಲ್ಲಿದ್ದರೆ ಬೆವರು. ಇದನ್ನು ಮೊದಲೇ ಹೇಳಬೇಕಾದದ್ದು ನನ್ನಂಥ ರೇಡಿಯಾಲಜಿಯವರ ಕೆಲಸ. ಮಜಾ ಏನೆಂದರೆ ನಮ್ಮ ಮಾಮೂಲಿ ಸ್ಕ್ಯಾನುಗಳಲ್ಲಿ ಆ ನರ ಕಾಣುವುದೇ ಇಲ್ಲ. ಹತ್ತಿರದ ರಕ್ತನಾಳವೊಂದನ್ನು ಗುರುತಿಟ್ಟುಕೊಂಡು, ನರ ಇಲ್ಲೇ ಎಲ್ಲೋ ಇರಬೇಕು ಎಂದು ಅಂದಾಜು ಮಾಡುತ್ತೇವೆ. ಆ ಅಂದಾಜನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ ಸಹಿ ಹಾಕಿದರೆ ಅದಕ್ಕೆ ರಿಪೋರ್ಟ್ ಎಂದು ಹೆಸರು.

ಅಲ್ಟ್ರಾಸೌಂಡಿನಲ್ಲಿ ಗಡ್ಡೆಯ ಹೊರಮೈ ಸ್ಪಷ್ಟವಾಗಿತ್ತು. ಒಳಮೈಯನ್ನು ದವಡೆಯ ಎಲುಬಿನ ನೆರಳು ನುಂಗಿತ್ತು. ಸೂಜಿ ಚುಚ್ಚಿ ತೆಗೆದ ಮಾದರಿಯಲ್ಲಿ ಕೆಟ್ಟದ್ದೇನೂ ಕಾಣುವುದಿಲ್ಲ, ಆದರೆ ಜೀವಕೋಶಗಳು ಸಾಲದು ಎಂದು ಪೆಥಾಲಜಿಯವರು ಕೈತೊಳೆದುಕೊಂಡಿದ್ದರು. ಹಾಗಾಗಿ ಎಂ.ಆರ್.ಐ. ಆಗಲೇಬೇಕಿತ್ತು.

ಸರ್ಜನ್ ನನ್ನ ಸಹಪಾಠಿ. ಒಳ್ಳೆಯ ಕೈ, ಕೆಟ್ಟ ತಾಳ್ಮೆ. ಸ್ಕ್ಯಾನಿಗೆ ಮೊದಲು ಅವನು ಧಣಿಗಳ ಮುಖದ ಚಲನೆಯನ್ನು ಪರೀಕ್ಷಿಸಬೇಕಿತ್ತು. ಅದು ಬರಿಯ ಶಾಸ್ತ್ರವಲ್ಲ. ಗಡ್ಡೆ ಇರುವ ಬದಿಯ ಮುಖ ಆಗಲೇ ಸೋತಿದ್ದರೆ ಗಡ್ಡೆ ನರವನ್ನು ತಿಂದಿದೆ, ಅದು ಕೆಟ್ಟ ಜಾತಿಯದ್ದು ಎಂಬ ಗುಮಾನಿ ಬರುತ್ತದೆ. ಆಗ ಗಡ್ಡೆಯ ಜೊತೆ ನರವನ್ನೂ ಕಡಿದು ತೆಗೆಯಬೇಕಾಗಬಹುದು. ಸೋಲದಿದ್ದರೆ ನರವನ್ನು ಉಳಿಸಲು ಜೀವ ತೇಯಬೇಕು. ಪರೀಕ್ಷೆ ಬಹಳ ಸರಳ. ಹುಬ್ಬು ಎತ್ತಿ, ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ತೋರಿಸಿ, ಕೆನ್ನೆ ಉಬ್ಬಿಸಿ ಎಂದರೆ ಚಿಕ್ಕ ಮಕ್ಕಳೂ ಮಾಡುತ್ತಾರೆ.

ಹುಬ್ಬು ಎತ್ತಿ ಎಂದಾಗ ಧಣಿಗಳು ಯಾಕೆ ಎಂದು ಕೇಳಿದರಂತೆ. ಹಲ್ಲು ತೋರಿಸಿ ಎಂದಾಗ, ತನ್ನ ಹಲ್ಲಿಗೆ ಏನೂ ಆಗಿಲ್ಲ ಎಂದರಂತೆ. ಕೊನೆಗೆ ಸ್ವಲ್ಪ ನಗಿ ಎಂದು ಸರ್ಜನ್ ತಾನೇ ಹಲ್ಲು ಕಿರಿದು ತೋರಿಸಿದ. ಧಣಿಗಳು ಅವನನ್ನು, ಕೆಲಸ ಕೇಳಿಕೊಂಡು ಬಂದ ಹೊಸ ಸಪ್ಲಾಯರನನ್ನು ಅಳೆಯುವವರ ಹಾಗೆ ನೋಡಿದರು. ಬಾಯಿಯ ಎಡ ತುದಿ ಸ್ವಲ್ಪ ಇಳಿದಂತೆ ಸರ್ಜನ್‌ಗೆ ಕಂಡಿತು. ಇದು ಮೊದಲಿಂದ ಹೀಗೆಯೋ ಎಂದು ಹೆಂಡತಿಯನ್ನು ಕೇಳಿದ.

“ಎರಡೂ ಬದಿ ಇಳಿದೇ ಇರ್ತದೆ ಡಾಕ್ಟ್ರೆ,” ಎಂದರು ಅವರು. “ಮದುವೆ ಆದ ದಿನದಿಂದ ನಾನು ನೋಡುವುದು ಹಾಗೆಯೇ.”

ಹಾಗಾದರೆ ನಕ್ಕ ಫೋಟೋ ಒಂದು ತನ್ನಿ, ಹೋಲಿಸಿ ನೋಡುವ ಎಂದು ಸರ್ಜನ್ ಹೇಳಿದ. ಮನೆಯವರೆಲ್ಲ ಸೇರಿ ಹುಡುಕಿದರು. ಮದುವೆ, ಗೃಹಪ್ರವೇಶ, ಮೊಮ್ಮಗಳ ಹುಟ್ಟುಹಬ್ಬ, ಎಲ್ಲದರಲ್ಲೂ ಪಾಸ್‌ಪೋರ್ಟಿಗೆ ಕೂತಂತೆಯೇ ಕೂತಿದ್ದರು. ಮೊಮ್ಮಗಳ ಕೇಕಿನ ಹಿಂದೆ ಅವರನ್ನು ನೋಡಿದರೆ ಕೇಕನ್ನು ಜಪ್ತಿ ಮಾಡಲು ಬಂದವರೆಂದೇ ಅನ್ನಿಸಬೇಕು.

ಸರ್ಜನ್ ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ಗಡ್ಡೆ ನರಕ್ಕೆ ಅಂಟಿದ್ದರೆ ಎಡಗಡೆಯ ಮುಖ ಶಾಶ್ವತವಾಗಿ ಸೋತುಹೋಗಬಹುದು. ಧಣಿಗಳು ಆಯ್ತು ಎಂದರು. ಆ ದಂಪತಿಗಳ ಮಟ್ಟಿಗೆ ಇದು ಎಂಥ ಆಘಾತವೆಂದು ನಮಗಿಬ್ಬರಿಗೂ ಆಗ ಹೊಳೆಯಲಿಲ್ಲ. ಮನೆಯವರು ಒಂದೇ ಷರತ್ತು ಹಾಕಿದರು. ಆಪರೇಶನ್ ಮಳೆಗಾಲದ ಆಟಿ ತಿಂಗಳು ಹುಟ್ಟುವ ಮೊದಲು ಮುಗಿಯಬೇಕು. ಆಟಿಯಲ್ಲಿ ನಮ್ಮೂರಿನವರು ಒಳ್ಳೆಯ ಕೆಲಸಕ್ಕೆ ಕೈ ಹಾಕುವುದಿಲ್ಲ, ಕತ್ತಿ ಹಾಕಿಸಿಕೊಳ್ಳುವ ಮಾತಂತೂ ದೂರ. ದಿನ ಹೆಚ್ಚಿರಲಿಲ್ಲ.

ಎಂ.ಆರ್.ಐ. ದಿನ ಧಣಿಗಳು ಬಿಳಿ ಅಂಗಿ ಹಾಕಿ, ಮುಖ ಕುತ್ತಿಗೆಗೆಲ್ಲ ಧಾರಾಳ ಪೌಡರು ಬಳಿದುಕೊಂಡು ಬಂದರು. ಕೆನ್ನೆಯ ಮೇಲೆ ಹಳೆಯ ಸಿನಿಮಾ ನಾಯಕರಂಥ ದಪ್ಪ ಕೆನ್ನೆಗೂದಲು. ನಮ್ಮ ಟೆಕ್ನಿಶಿಯನ್ ಹುಡುಗಿ ಉಂಗುರ, ಸರ, ಸೊಂಟದ ಉಡಿದಾರ ಎಲ್ಲ ತೆಗೆಸಿ ಒಳಗೆ ಮಲಗಿಸಿದಳು. ಮೊದಲ ಚಿತ್ರಗಳು ಪರದೆಯ ಮೇಲೆ ಬಂದಾಗ ಅವಳು ನನ್ನನ್ನು ಕರೆದಳು.

ಎಡಗೆನ್ನೆಯೇ ಇರಲಿಲ್ಲ. ಗಡ್ಡೆ ಇರಬೇಕಾದಲ್ಲಿ ಕಪ್ಪು ಹೊಂಡ, ಅದರ ಅಂಚಿಗೆ ಬೆಳ್ಳನೆಯ ಗೆರೆ, ಸುತ್ತಲಿನ ಮುಖವೆಲ್ಲ ನೀರಿನಲ್ಲಿ ಅಲುಗುವ ಬಿಂಬದ ಹಾಗೆ ಸೊಟ್ಟ. ಹಲ್ಲಿಗೆ ಲೋಹ ತುಂಬಿಸಿದ್ದರೆ ಹೀಗಾಗುವುದುಂಟು. ಹೊರಗೆ ಕರೆತಂದು ಬಾಯಿ ತೆರೆಯಿರಿ ಎಂದೆ. ಯಾಕೆ ಎಂದರು. ನಾನು ಸರ್ಜನ್‌ನಷ್ಟು ಸಾಧು ಅಲ್ಲ. ಬಾಯಿ ತೆರೆಯದಿದ್ದರೆ ಮನೆಗೆ ಹೋಗಿ ಎಂದೆ. ತೆರೆದರು. ಒಂದೇ ಒಂದು ಹಲ್ಲು ಹುಳುಕಾಗಿರಲಿಲ್ಲ, ಎಲ್ಲ ಸ್ವಂತದ್ದು. ಹೆಂಡತಿಯೂ ಬಗ್ಗಿ ಕುತೂಹಲದಿಂದ ನೋಡಿದರು. ಇಷ್ಟು ಚಂದ ಉಂಟಾ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಮೆಶಿನ್ ಕೈಕೊಟ್ಟಿತೆಂದು ಹುಡುಗಿ ಹೇಳಿದಳು. ಸರ್ವಿಸ್ ಇಂಜಿನಿಯರಿಗೆ ಫೋನು ಹೋಯಿತು. ಅವನು ತುಂಬ ಹೊತ್ತು ಪರೀಕ್ಷೆ ಮಾಡಿ, ಮೆಶಿನ್ ಸರಿ ಉಂಟು, ಪೇಶಂಟನ್ನು ಚೆಕ್ ಮಾಡಿ ಎಂದು ಹೇಳಿ ಚಹಾ ಕುಡಿದು ಹೋದ. ಅಷ್ಟರಲ್ಲಿ ಸರ್ಜನ್ ಚಿತ್ರಗಳನ್ನು ಮೊಬೈಲಿನಲ್ಲೇ ನೋಡಿ ತನ್ನ ತೀರ್ಮಾನಕ್ಕೆ ಬಂದಾಗಿತ್ತು. ಆ ಕಪ್ಪು, ಗಡ್ಡೆಯೊಳಗೆ ಆದ ರಕ್ತಸ್ರಾವ. ಗಡ್ಡೆ ಆಳಕ್ಕೆ ಇಳಿದಿದೆ, ಬಾಯಿಯ ತುದಿ ಸೋತಿದೆ, ಎಲ್ಲ ಕೂಡಿಬರುತ್ತದೆ. ನರ ಕಡಿದು, ಕಾಲಿನಿಂದ ಬೇರೆ ನರ ತೆಗೆದು ಕಸಿ ಮಾಡಲು ತಯಾರಿ ನಡೆಸಿದ್ದ.

“ಎಂತ ಮಾರಾಯ್ತಿ, ರಿಪೋರ್ಟ್ ಕೊಡ್ತೀಯಾ ಇಲ್ವಾ?” ಎಂದು ಫೋನಿನಲ್ಲಿ ಕೇಳಿದ. “ಆಳದ ಭಾಗಕ್ಕೆ ಹಬ್ಬಿರುವುದನ್ನು ಅಲ್ಲಗಳೆಯಲಾಗದು ಅಂತ ಬರಿ, ಸಾಕು.”

ಈ ‘ಅಲ್ಲಗಳೆಯಲಾಗದು’ ಎನ್ನುವುದು ನಮ್ಮ ವೃತ್ತಿಯ ಕೊಡೆ. ಮಳೆ ಬರಲಿ ಬಿಡಲಿ, ಅದರ ಕೆಳಗೆ ನಿಂತವರು ಒದ್ದೆಯಾಗುವುದಿಲ್ಲ. ಬರೆದರೆ ನನ್ನ ಮೇಲೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಟೈಪು ಮಾಡಲು ಕೂತೂ ಆಯಿತು. ಆದರೆ ಆ ಒಂದು ಶಬ್ದದ ಬಲದ ಮೇಲೆ ಅವನು ಕತ್ತಿ ಹಿಡಿಯುತ್ತಾನೆ. ನಾನು ಕಾಣದ್ದನ್ನು ಕಂಡಿಲ್ಲ ಎಂದು ಹೇಳುವ ಬದಲು ಇರಬಹುದು ಎಂದು ಬರೆದು, ಒಬ್ಬ ಮನುಷ್ಯನ ಅರ್ಧ ಮುಖವನ್ನು ತೆಗೆಸಿದ ಹಾಗಾಗುತ್ತದೆ. ಇವತ್ತು ರಿಪೋರ್ಟ್ ಇಲ್ಲ ಎಂದು ಹೇಳಿ ಫೋನಿಟ್ಟೆ. ಅವನು ಆ ಕಡೆಯಿಂದ ಏನೋ ಹೇಳುತ್ತಿದ್ದ. ಒಳ್ಳೆಯ ಮಾತಾಗಿರಲಿಕ್ಕಿಲ್ಲ.

ಆಮೇಲೆ ಚಿತ್ರಗಳನ್ನು ಮೊದಲಿನಿಂದ ಒಂದೊಂದಾಗಿ ನೋಡತೊಡಗಿದೆ. ಎಂ.ಆರ್.ಐ.ಯಲ್ಲಿ ಒಂದೇ ಜಾಗವನ್ನು ಹಲವು ವಿಧದಲ್ಲಿ ಸೆರೆಹಿಡಿಯುತ್ತೇವೆ. ಗಡ್ಡೆಯಾದರೆ ಒಂದರಲ್ಲಿ ಬೆಳ್ಳಗೆ, ಇನ್ನೊಂದರಲ್ಲಿ ಬೂದು ಕಾಣಬಹುದು, ಗಾತ್ರ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇಲ್ಲಿಯ ಕಪ್ಪು ಒಂದರಲ್ಲಿ ಸಣ್ಣದು, ಇನ್ನೊಂದರಲ್ಲಿ ಅದರ ದುಪ್ಪಟ್ಟು. ಹಳೆಯ ರಕ್ತವೂ ಹೀಗೆ ಆಟ ಆಡುತ್ತದೆ, ಅದಕ್ಕೇ ಸರ್ಜನ್ ಮೋಸಹೋದದ್ದು. ಆದರೆ ಕಪ್ಪಿನ ಅಂಚನ್ನು ಹಿಡಿದುಕೊಂಡು ಹೋದಾಗ ಅದು ಕೆನ್ನೆಯ ಒಳಗೆ ಶುರುವಾಗಿರಲಿಲ್ಲ. ಚರ್ಮದ ಮೇಲೆ ಶುರುವಾಗಿ, ಅರ್ಧ ಒಳಗೆ, ಅರ್ಧ ಹೊರಗೆ ಗಾಳಿಯಲ್ಲಿತ್ತು. ಎಂಥ ಕೆಟ್ಟ ಕ್ಯಾನ್ಸರಾದರೂ ಗಾಳಿಯಲ್ಲಿ ಬೆಳೆಯುವುದಿಲ್ಲ. ಧಣಿಗಳ ಕೆನ್ನೆಗೆ ಹೊರಗಿನಿಂದ ಏನೋ ಮೆತ್ತಿತ್ತು, ಅದು ಕಬ್ಬಿಣದ ಜಾತಿಯದ್ದು.

ಮರುದಿನ ಗಂಡ ಹೆಂಡತಿಯನ್ನು ಕರೆಸಿದೆ. ಜೊತೆಗೆ ಹೆಂಡತಿಯ ಅಕ್ಕ ಪಡೀಲಿನಿಂದ ಬಂದಿದ್ದರು. ತೂಕದ ಹೆಂಗಸು, ಬಾಯಿ ತುಂಬ ಎಲೆಯಡಿಕೆ. ನಾನು ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ, ಧಣಿಗಳ ಕೆನ್ನೆಗೂದಲ ಬುಡವನ್ನೂ ಕಿವಿಯ ಹಿಂದಿನ ಸಂದನ್ನೂ ಗಟ್ಟಿಯಾಗಿ ಉಜ್ಜಿದೆ. ಮೊದಲು ಪೌಡರು ಬಂತು. ಆಮೇಲೆ ಹತ್ತಿ ಕೆಂಪಾಯಿತು, ಹೆಂಚಿನ ಬಣ್ಣದ ಕೆಂಪು. ಟೆಕ್ನಿಶಿಯನ್ ಹುಡುಗಿ ನೋಟೀಸು ಬೋರ್ಡಿನ ಮೇಲಿದ್ದ ಪುಟ್ಟ ಅಯಸ್ಕಾಂತವನ್ನು ತಂದು ಹತ್ತಿಯ ಹತ್ತಿರ ಹಿಡಿದಳು. ಹತ್ತಿ ಟಪ್ಪೆಂದು ಹೋಗಿ ಅದಕ್ಕೆ ಅಂಟಿತು.

ಎಂತ ಇದು ಎಂದು ಕೇಳಿದೆ. ಎಂತ ಇಲ್ಲ ಎಂದು ಹೆಂಡತಿ ಅಕ್ಕನನ್ನು ನೋಡಿದರು. ಅಕ್ಕ ಎಲೆಯಡಿಕೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ದಾಟಿಸಿ ಒಪ್ಪಿಕೊಂಡರು. ಕಾವಿಕಲ್ಲು, ಹಳೆಯ ಕುಲುಮೆಯ ಕಬ್ಬಿಣದ ಕಿಟ್ಟ, ಎರಡನ್ನೂ ಲಿಂಬೆರಸದಲ್ಲಿ ತೇದು ಮಾಡಿದ ಲೇಪ. ಅವರ ಅಜ್ಜಿಯ ಕಾಲದಿಂದ ಊತಕ್ಕೆ, ಗಂಟಿಗೆ ಹಾಕಿಕೊಂಡು ಬಂದದ್ದು. ಸರ್ಜನ್‌ನ ಮಾತು ಕೇಳಿ ಬಂದಂದಿನಿಂದ ಧಣಿಗಳಿಗೆ ದಿನಾ ಹಚ್ಚುತ್ತಿದ್ದರು. ಹಾಗಿದ್ದರೆ ಸ್ಕ್ಯಾನಿನ ದಿನ ಒಂದು ಹೊತ್ತು ಬಿಡಬಾರದಿತ್ತೇ ಎಂದು ಕೇಳಿದೆ.

“ಅಯ್ಯೋ, ಆ ದಿನವೇ ಅಲ್ವಾ ಬೇಕಾದ್ದು?” ಎಂದರು ಅಕ್ಕ. “ದಪ್ಪ ಮಾಡಿ ಇನ್ನೊಂದು ಕೋಟು ಹಾಕಿದ್ದು. ಫೋಟೋದಲ್ಲಿ ಗಡ್ಡೆ ಸಣ್ಣ ಕಾಣಲಿ ಅಂತ. ಮೇಲಿಂದ ಪೌಡರು ಹಾಕಿದ್ದು ಇವಳು.”

ನನ್ನ ಪಿತ್ತ ನೆತ್ತಿಗೇರಿತು. ಕಬ್ಬಿಣ ಮೆತ್ತಿಕೊಂಡು ಅಷ್ಟು ದೊಡ್ಡ ಅಯಸ್ಕಾಂತದೊಳಗೆ ಮಲಗಿದರೆ ಚರ್ಮ ಸುಟ್ಟುಹೋದೀತು, ಬಿಸಿಯಾಗಲಿಲ್ಲವೇ ಎಂದು ಧಣಿಗಳ ಮೇಲೆ ರೇಗಿದೆ. ಸ್ವಲ್ಪ ಆಯಿತು ಎಂದರು. ಹೇಳಬಾರದಿತ್ತೇ ಎಂದರೆ, ನೀವು ಅಲುಗಬೇಡಿ ಅಂದಿರಲ್ಲ ಎಂದರು. ಇನ್ನೂ ನಾಲ್ಕು ಮಾತು ಆಡಬೇಕೆಂದು ತಿರುಗಿದರೆ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. “ಮುಖ ಸೋತುಹೋಗ್ತದೆ ಅಂತ ಹೇಳಿದ್ರಲ್ಲ ಡಾಕ್ಟ್ರೆ,” ಎಂದರು. “ಆ ಮೇಲೆ ನನಗೆ ಎಂತ ಮಾಡುವುದು ಅಂತ ಗೊತ್ತಾಗ್ಲಿಲ್ಲ.” ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ನಾವು ಒಂದು ವಾಕ್ಯ ಹೇಳಿ ಮುಂದಿನ ಪೇಶಂಟಿಗೆ ಹೋಗುತ್ತೇವೆ. ಕೇಳಿಸಿಕೊಂಡವರು ಅದನ್ನು ಮನೆಗೆ ಹೊತ್ತುಕೊಂಡು ಹೋಗುತ್ತಾರೆ.

ಮತ್ತೊಮ್ಮೆ ಸ್ಕ್ಯಾನ್ ಎಂದು ನಿಶ್ಚಯವಾಯಿತು. ಕೆನ್ನೆಗೂದಲು ಬೋಳಿಸಬೇಕು ಎಂದೆ. ನರ ಹೋಗಬಹುದು ಎಂದಾಗ ಆಯ್ತು ಎಂದಿದ್ದ ಧಣಿಗಳು ಇದಕ್ಕೆ ಸುಲಭದಲ್ಲಿ ಒಪ್ಪಲಿಲ್ಲ. ಒಂದು ಬದಿಯದ್ದು ಸಾಕು ಎಂದರೆ, ಮಾಡುವುದಾದರೆ ಎರಡೂ ಬದಿ ಎಂದರು. ತೆಂಗಿನೆಣ್ಣೆ, ಸಾಬೂನು, ಸ್ಪಿರಿಟು ಎಲ್ಲ ಆಗಿ ಕೆನ್ನೆ ಹಸುಗೂಸಿನದರ ಹಾಗೆ ಹೊಳೆಯುವಷ್ಟರಲ್ಲಿ ಅಯಸ್ಕಾಂತಕ್ಕೆ ಏನೂ ಅಂಟದಂತಾಯಿತು.

ಈ ಸಲ ನನಗೆ ಜೊಲ್ಲಿನ ಕೊಳವೆಯೂ ಕಾಣಬೇಕಿತ್ತು. ನರದ ಒಂದು ಕವಲು ಅದರ ಜೊತೆಗೇ ಸಾಗುವುದರಿಂದ ಅದೊಂದು ಒಳ್ಳೆಯ ಗುರುತು. ಬಾಯಿಗೆ ಹುಳಿ ಕೊಟ್ಟರೆ ಜೊಲ್ಲು ಸುರಿದು ಕೊಳವೆ ತುಂಬುತ್ತದೆ, ಚಿತ್ರದಲ್ಲಿ ಬೆಳ್ಳಗಿನ ನೂಲಿನಂತೆ ಕಾಣುತ್ತದೆ. ಸಾಮಾನ್ಯಕ್ಕೆ ನಾಲ್ಕು ಹನಿ ಲಿಂಬೆರಸ ಸಾಕು. ಬರುವಾಗ ಒಂದು ಲಿಂಬೆಹಣ್ಣು ತನ್ನಿ ಎಂದು ಹೇಳಿದ್ದೆ. ತನ್ನಿಂದಾದ ಎಡವಟ್ಟಿಗೆ ಪ್ರಾಯಶ್ಚಿತ್ತ ಮಾಡಬೇಕೆಂದಿದ್ದ ಪಡೀಲಿನ ಅಕ್ಕನಿಗೆ ಲಿಂಬೆಯ ಮೇಲೆ ನಂಬಿಕೆ ಬರಲಿಲ್ಲ. ಹಿತ್ತಿಲ ಮರದಿಂದ ಬಿಂಬುಳಿ ಕಾಯಿ ಕೊಯ್ದು ತಂದಿದ್ದರು, ಲಿಂಬೆಯನ್ನೂ ಸೋಲಿಸುವ ಹುಳಿ. ಬಿಂಬುಳಿ ತಿಂದವರಿಗೆ ವಿವರಣೆ ಬೇಡ. ಮೀನಿನ ಸಾರಿಗೆ ಎರಡು ಹೆಚ್ಚಾಗಿ ಬಿದ್ದರೆ ಇಡೀ ಮನೆ ಮುಖ ಸಿಂಡರಿಸುತ್ತದೆ.

ಮೇಜಿನ ಮೇಲೆ ಕೂತ ಧಣಿಗಳ ಬಾಯಿಗೆ ಅಕ್ಕ ಒಂದು ದಪ್ಪ ತುಂಡನ್ನು ಇಟ್ಟರು. ಧಣಿಗಳು ಕಚ್ಚಿದರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಆ ಮುಖ, ಮುಂಬಯಿಯಲ್ಲಿ ಎಷ್ಟೋ ಮ್ಯಾನೇಜರುಗಳನ್ನು ನಡುಗಿಸಿದ ಆ ಮುಖ, ಒಮ್ಮೆಲೇ ಮುದುಡಿತು. ಹಣೆಯಲ್ಲಿ ನೆರಿಗೆ ಎದ್ದಿತು. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡವು. ಎರಡೂ ಕೆನ್ನೆ ಒಳಗೆ ಹೋದವು, ತುಟಿ ಎಡಕ್ಕೂ ಬಲಕ್ಕೂ ಸಮಸಮವಾಗಿ ಎಳೆದು ಹಲ್ಲಿನ ಸಾಲು ಪೂರ್ತಿ ಹೊರಬಂತು.

ನಾನು ಎಡ ನೋಡಿದೆ, ಬಲ ನೋಡಿದೆ, ಪುನಃ ಎಡ ನೋಡಿದೆ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸರ್ಜನ್ ತಾನೇ ಹಲ್ಲು ಕಿರಿದರೂ ಹೊರಡದ ಉತ್ತರ ಒಂದು ತುಂಡು ಬಿಂಬುಳಿಯಲ್ಲಿ ಸಿಕ್ಕಿತ್ತು. ಎಡಗಡೆಯ ನರ ಬದುಕಿತ್ತು, ಎಲ್ಲ ಕವಲುಗಳೂ ಕೆಲಸ ಮಾಡುತ್ತಿದ್ದವು.

“ಇನ್ನೊಂದು ತುಂಡು ಕೊಡಿ,” ಎಂದೆ. ವಿಡಿಯೋ ಮಾಡಬಹುದೇ ಎಂದು ಧಣಿಗಳನ್ನು ಕೇಳಿದೆ. ಕಣ್ಣಲ್ಲಿ ನೀರು ತುಂಬಿಕೊಂಡೇ ಆಯ್ತು ಎಂದರು. ವಿಡಿಯೋ ಸರ್ಜನ್‌ಗೆ ಹೋಯಿತು. ಇದು ಯಾರು ಎಂದು ಅವನಿಂದ ಉತ್ತರ ಬಂತು, ಕೆನ್ನೆಗೂದಲು ಬೇರೆ ಇರಲಿಲ್ಲವಲ್ಲ.

ಚಿತ್ರಗಳು ಈ ಸಲ ಕನ್ನಡಿಯಂತೆ ಬಂದವು. ಗಡ್ಡೆ ದುಂಡಗೆ, ಬೆಳ್ಳಗೆ, ಸುತ್ತ ಸ್ಪಷ್ಟ ಅಂಚು. ದವಡೆಯ ಹಿಂದಿನ ರಕ್ತನಾಳ ಗಡ್ಡೆಗಿಂತ ಒಳಗಡೆ ಇತ್ತು. ಗಡ್ಡೆ ಅದನ್ನು ಸ್ವಲ್ಪ ಒತ್ತಿತ್ತು, ನುಂಗಿರಲಿಲ್ಲ. ಜೊಲ್ಲಿನ ಕೊಳವೆ ಗಡ್ಡೆಯ ಮುಂದೆ ಬಾಗಿ ಸಾಗಿತ್ತು. ತಲೆಬುರುಡೆಯಿಂದ ನರ ಹೊರಬರುವ ತೂತಿನ ಸುತ್ತ ಕೊಬ್ಬು ಅಚ್ಚುಕಟ್ಟಾಗಿತ್ತು, ಎಂದರೆ ಯಾವ ರೋಗವೂ ಆ ದಾರಿ ಹಿಡಿದು ಹತ್ತಿರಲಿಲ್ಲ. ಕೊನೆಗೆ ತೀರ ತೆಳ್ಳಗಿನ ಹೋಳುಗಳಲ್ಲಿ ಹುಡುಕುತ್ತಾ ಹೋದಾಗ ಗಡ್ಡೆಯ ತಳಕ್ಕೆ ತಾಗಿಯೂ ತಾಗದಂತೆ ಹಾದುಹೋಗುವ ಒಂದು ಗೆರೆ ಕಂಡಿತು. ನರವೇ. ಖುಷಿಗೆ ಎದ್ದು ನಿಂತುಬಿಟ್ಟೆ. ರಿಪೋರ್ಟಿನಲ್ಲಿ ಗಡ್ಡೆ ಹೊರಭಾಗದಲ್ಲಿದೆ, ನರ ಅದರ ಕೆಳಗಿದೆ, ಎರಡೂ ಬೇರೆ ಬೇರೆ ಇವೆ ಎಂದು ಬರೆದು ಸಹಿ ಹಾಕಿದೆ. ಕೊಡೆ ಮಡಚಿಟ್ಟು ಬರೆದ ರಿಪೋರ್ಟದು, ತಪ್ಪಿದ್ದರೆ ನೆನೆಯುವವಳು ನಾನೇ.

ಆಪರೇಶನ್ ಆಟಿಗೆ ಮೊದಲೇ ಆಯಿತು. ಗಡ್ಡೆ ನಾನು ಹೇಳಿದಲ್ಲಿಯೇ ಇತ್ತು, ಇಡಿಯಾಗಿ ಹೊರಬಂತು, ನರವನ್ನು ಕಡಿಯಲಿಲ್ಲ ಎಂದು ಸರ್ಜನ್ ಫೋನು ಮಾಡಿದ. ಅಷ್ಟರಲ್ಲೇ ನಿಲ್ಲಿಸದೆ ಗಂಟಲು ಕೆರೆದ. ತುಟಿಗೆ ಹೋಗುವ ಸಣ್ಣ ಕವಲನ್ನು ಗಡ್ಡೆಯಿಂದ ಬಿಡಿಸುವಾಗ ಸ್ವಲ್ಪ ಎಳೆಯಬೇಕಾಗಿ ಬಂದಿತ್ತು. ಅದು ಸೋತಿದೆಯೋ ಇಲ್ಲವೋ ನೋಡಬೇಕು. ಕಣ್ಣು ಮುಚ್ಚುತ್ತಾರೆ, ಹುಬ್ಬು ಅಲುಗುತ್ತದೆ, ಅದಕ್ಕಿಂತ ಕೆಳಗೆ ಪುನಃ ಅದೇ ಕತೆ. ಹುಳಿ ಕೊಡುವಂತಿಲ್ಲ, ಜೊಲ್ಲು ಹೆಚ್ಚಾಗಿ ಗಾಯದಲ್ಲಿ ತುಂಬಿಕೊಳ್ಳುತ್ತದೆ. ನೀನು ಜೋರು ಮಾಡಿದರೆ ಕೇಳಿಯಾರು, ಬಾ ಎಂದು ಬೇಡಿಕೊಂಡ.

ಬೆಳಿಗ್ಗೆ ಕಾವೂರಿನ ಮನೆಯಿಂದ ಹೊರಟವಳು ನನ್ನ ಸ್ಕ್ಯಾನ್ ಸೆಂಟರಿಗೆ ಹೋಗುವ ಮೊದಲು ಸರ್ಜನ್‌ನ ಆಸ್ಪತ್ರೆಗೆ ಹೋದೆ. ಸರ್ಜನ್‌ನೊಂದಿಗೆ ಕೋಣೆಯ ಬಾಗಿಲು ತೆರೆದರೆ ಮಂಚ ಖಾಲಿ. ಧಣಿಗಳ ಹೆಂಡತಿ ಬಾತ್‌ರೂಮಿನ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದರು. ನಮ್ಮನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

ಒಳಗಿನಿಂದ ಸಿಳ್ಳೆ ಕೇಳುತ್ತಿತ್ತು. ಯಾವುದೋ ಹಳೆಯ ಹಿಂದಿ ಸಿನಿಮಾದ ಹಾಡು. ಏರಿಳಿತ, ಕೊಂಕು, ನಡುವೆ ನಿಲ್ಲಿಸಿ ಪುನಃ ಹಿಡಿಯುವುದು, ಎಲ್ಲ ಇತ್ತು. ಒಂದೆರಡು ಕಡೆ ಎಡ ತುದಿಯಿಂದ ಸ್ವಲ್ಪ ಗಾಳಿ ಸೋರಿತು, ಆದರೆ ಸ್ವರ ಬೀಳಲಿಲ್ಲ. ಸರ್ಜನ್ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ. ತುಟಿಯನ್ನು ದುಂಡಗೆ ಮಾಡಿ ಹಾಗೆ ಗಾಳಿ ಬಿಡಬೇಕಾದರೆ ಯಾವ ಯಾವ ಕವಲು ಬದುಕಿರಬೇಕು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

“ದಿನಾ ಬೆಳಿಗ್ಗೆ ಸ್ನಾನದ ಹೊತ್ತಿಗೆ,” ಎಂದು ಹೆಂಡತಿ ಪಿಸುಗುಟ್ಟಿದರು. ನಗುತ್ತಿದ್ದರು, ಕಣ್ಣು ತುಂಬಿತ್ತು. “ಮದುವೆ ಆದಲ್ಲಿಂದ ಕೇಳ್ತಾ ಇದ್ದೇನೆ. ಗಡ್ಡೆ ಅಂತ ಗೊತ್ತಾದ ಮೇಲೆ ಬಿಟ್ಟಿದ್ದರು. ಹೊರಗೆ ಕೇಳ್ತದೆ ಅಂತ ಇವರಿಗೆ ಗೊತ್ತಿಲ್ಲ ಡಾಕ್ಟ್ರೆ. ದಯವಿಟ್ಟು ಹೇಳ್ಬೇಡಿ. ಗೊತ್ತಾದರೆ ಮತ್ತೆ ಸಿಳ್ಳೆ ಹಾಕ್ಲಿಕ್ಕಿಲ್ಲ.”

ನಲ್ಲಿ ನಿಂತಿತು, ಸಿಳ್ಳೆಯೂ ನಿಂತಿತು. ಬಾಗಿಲು ತೆರೆದು ಧಣಿಗಳು ಹೊರಬಂದರು. ಕಿವಿಯ ಕೆಳಗೆ ಪಟ್ಟಿ, ಕೈಯಲ್ಲಿ ಗಾಯದ ನೀರಿಳಿಯುವ ಕೊಳವೆಯ ಡಬ್ಬಿ, ಮುಖ ಎಂದಿನ ಮುಖ. ಹೆಂಡತಿ ಹಾಸಿಗೆಯ ಬಟ್ಟೆ ಮಡಚುತ್ತಿದ್ದರು. ನಾನು ಕಿಟಕಿ ನೋಡುತ್ತಿದ್ದೆ. ಧಣಿಗಳು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ, ಮಂಚದ ಅಂಚಿನಲ್ಲಿ ಕೂತು, ಕಡೆಗೂ ಮನಸ್ಸು ಗಟ್ಟಿ ಮಾಡಿಕೊಂಡವರಂತೆ ಸರ್ಜನ್‌ನ ಕಡೆ ತಿರುಗಿದರು.

“ಹಲ್ಲು ತೋರಿಸ್ಬೇಕು ಅಂತಿದ್ರಲ್ಲ. ತೋರಿಸ್ತೇನೆ.”

“ಬೇಡ ಧಣಿಗಳೇ,” ಎಂದ ಸರ್ಜನ್. “ಅದೆಲ್ಲ ಎಂತ ಅಗತ್ಯ ಇಲ್ಲ.”